ಬಿಳಿ ಅಕ್ಷರದ ಮೆಹರೀನ್

ಕಂತು ಆರು

ಪ್ರಿಂಟರ್ ಮೂರು ಸಲ ಕೆಮ್ಮಿತು. ನಾಲ್ಕನೆಯ ಸಲಕ್ಕೆ ಮೆಹರೀನಳನ್ನು ಉಗುಳಿತು.

"ಇದು ನಾ ಅಲ್ಲ," ಎಂದಳು ಪಕ್ಕದಲ್ಲೇ ಕುಳಿತಿದ್ದ ಮೆಹರೀನ್.

ಅಂಬಾದಾಸ ಬಿಸಿ ಕಾಗದಗಳನ್ನು ಎತ್ತಿಕೊಂಡು ಮೊದಲ ಹಾಳೆಯನ್ನು ಬೆಳಕಿಗೆ ಹಿಡಿದ. ಮೇಲೆ ದಪ್ಪಕ್ಷರದಲ್ಲಿ ಆಕೆಯದೇ ಹೆಸರು. ಕೆಳಗೆ ಆಕೆಯದೇ ಬಸವಕಲ್ಯಾಣ, ಆಕೆಯದೇ ಬಿ.ಎಸ್ಸಿ., ಆಕೆಯದೇ ಅರವತ್ತೊಂಬತ್ತು ಪರ್ಸೆಂಟ್. ಆದರೂ ಹುಡುಗಿ ತಾನಲ್ಲ ಅನ್ನುತ್ತಿದ್ದಾಳೆ. ತನ್ನ ಮದುವೆಯಾದ ವರ್ಷವೇ ಊರವರ ಮದುವೆ ವಿಚಾರಣೆಯ ಪತ್ತೇದಾರಿಕೆ ಶುರುಮಾಡಿದ್ದ ಅಂಬಾದಾಸನಿಗೆ ಈ ಆರು ವರ್ಷಗಳಲ್ಲಿ ವರ ತಾನಲ್ಲ ಎಂದು ಹಿತ್ತಲಿಂದ ಓಡಿದವರು ಸಿಕ್ಕಿದ್ದರು. ತಾನೇ ತಾನಲ್ಲ ಎಂದವರು ಇದೇ ಮೊದಲು.

ಗುರುವಾರ ಯಾರೋ ಒಬ್ಬಳು ಹುಮನಾಬಾದಿನ ವಜ್ರಕಾಂತಿ ಕೆಮಿಕಲ್ಸ್‌ಗೆ ಹೋಗಿ, ತಾನೇ ಮೆಹರೀನ್ ಎಂದು ಹೇಳಿ, ಲ್ಯಾಬಿನ ಕೆಲಸ ಗಿಟ್ಟಿಸಿಕೊಂಡಿದ್ದಳು. ಹೋಗುವಾಗ, "ನನ್ನ ಒರಿಜಿನಲ್ ಸರ್ಟಿಫಿಕೇಟುಗಳು ಬಸ್ಸಿನಲ್ಲಿ ಕಳುವಾಗಿವೆ, ಯಾರಾದರೂ ತಂದರೆ ನಂಬಬೇಡಿ" ಎಂದು ಬೇರೆ ಹೇಳಿದ್ದಳು. ಶುಕ್ರವಾರ ಖರೇ ಮೆಹರೀನ್ ಒರಿಜಿನಲ್ಲನ್ನು ಎದೆಗವಚಿಕೊಂಡು ಹೋದಾಗ ಅದೇ ಆಕೆಯ ಮೇಲಿನ ಅಪರಾಧವಾಯಿತು. ಗೇಟಿನ ರಿಜಿಸ್ಟರಿನಲ್ಲಿ ಆಕೆಯ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಬೋಗಸ್' ಎಂದು ಬರೆದು ಹೊರಗೆ ಕಳಿಸಿದರು.

ಇವತ್ತು ಶನಿವಾರ. ಸೋಮವಾರ ಹತ್ತು ಗಂಟೆಯೊಳಗೆ ಸಾಬೀತಾಗದಿದ್ದರೆ ಕೆಲಸ ಮೊದಲು ಬಂದವಳಿಗೆ. ಕೆಂಪು ಶಾಯಿ ಮೆಹರೀನಳಿಗೆ.

"ಇಂಟರ್‌ವ್ಯೂ ಬಂತಂತ ಅಬ್ಬಾಜಾನ್ ಗಲ್ಲಿ ತುಂಬ ಪೇಢೆ ಹಂಚ್ಯಾರ," ಎಂದಳು ಆಕೆ ಮತ್ತೊಮ್ಮೆ. ಆಕೆಯ ತಂದೆ ಮಕ್ಬೂಲ್ ಸ್ಟೋವ್ ರಿಪೇರಿಯವರು. "ಈಗ ಹೊರಗ ಬರವೊಲ್ಲರು. ಯಾರಾದ್ರೂ ಸ್ಟೋವ್ ತಂದ್ರೂ ಬಾಗಲಾ ತೆಗಿಯವೊಲ್ಲರು."

ಅಂಬಾದಾಸ ಆಕೆಯ ಚೀಲದಿಂದ ಹಳೆಯ ಬಯೋಡಾಟಾ ತೆಗೆಸಿ, ಬುಧವಾರ ಕಂಪನಿಗೆ ಹೋಗಿದ್ದ, ಈಗಷ್ಟೇ ಪ್ರಿಂಟಾದ ಹೊಸದರ ಪಕ್ಕದಲ್ಲಿಟ್ಟ. ಹಳೆಯದು ಕಲ್ಯಾಣದಲ್ಲಿ ಟೈಪ್ ಮಾಡಿಸಿದ್ದು. ಮೂಲೆಯಲ್ಲಿ ಗೋಂದು ಮೆತ್ತಿದ ಫೋಟೋ, ತಂದೆಯ ಹೆಸರು, ತಂದೆಯ ಉದ್ಯೋಗ, ಎತ್ತರ, ಬಣ್ಣ, ಅಕ್ಕತಂಗಿಯರೆಷ್ಟು ಎಂಬ ಲೆಕ್ಕ. ಬಯೋಡಾಟಾ ಅಲ್ಲ, ಬರೀ ಬಾಯೋಡಾಟ. ಅದರಿಂದ ಸಂಬಂಧ ಕುದುರಿಸಬಹುದಿತ್ತು, ಸಂಬಳ ಕಷ್ಟ. ಹೊಸದರಲ್ಲಿ ಇದ್ಯಾವುದೂ ಇರಲಿಲ್ಲ.

"ಫೋಟೋ ಎಲ್ಲಿ ಹೋತೋ ಅಸದ್?"

"ತೆಗದೇನ್ರಿ," ಎಂದ ಅಸದ್. ಹುಮನಾಬಾದ್ ಬಸ್ ಸ್ಟ್ಯಾಂಡಿನ ಎದುರಿನ ಈ ಸೈಬರ್ ಕೆಫೆಯ ಮಾಲೀಕ. ಊರವರ ಬಾಯಲ್ಲಿ ಅದು ಸಾಹೇಬರ ಕೆಫೆ.

"ಅಪ್ಪನ ಹೆಸರು?"

"ತೆಗದೇನ್ರಿ."

"ಎತ್ತರ, ಬಣ್ಣ?"

"ಎಲ್ಲಾ ತೆಗದೇನ್ರಿ. ನೆಟ್ಟಿನ್ಯಾಗ ಹೆಣ್ಣು ನೋಡಾಕ ಬರೂದಿಲ್ರಿ ಯಾರೂ. ಮಶೀನು ಓದ್ತದ, ಮನಿಶ್ಯಾ ಆಮ್ಯಾಲ ಓದ್ತಾನ. ಮಶೀನಿಗೆ ಬೇಕಾಗಿದ್ದು ಏನ್ ಬರ್ತದ, ಎಲ್ಲಿ ಕಲ್ತೀರಿ, ಎಷ್ಟ್ ವರ್ಷ ಮಾಡೀರಿ. ಆಕಿ ಬೆಳ್ಳಗ ಅದಾಳೋ ಕರ್ರಗ ಅದಾಳೋ ಮಶೀನಿಗೆ ಯಾಕ ಬೇಕು?"

ಮಾತು ನ್ಯಾಯವಾಗಿಯೇ ಇತ್ತು, ಅದೇ ತೊಂದರೆ. ಒಂದೊಂದೇ ತೆಗೆಯುತ್ತ ಹೋಗಿ ಕೊನೆಗೆ ಉಳಿದದ್ದು ಯಾರು ಬೇಕಾದರೂ ತೊಟ್ಟುಕೊಳ್ಳಬಹುದಾದ ಒಂದು ಹೆಸರು. ಹಳೆಯ ಕಾಗದ ಹಿಡಿದು ಬಂದಿದ್ದರೆ ಆ ಕಳ್ಳಿ ಗೇಟಿನಲ್ಲೇ ಸಿಕ್ಕಿಬೀಳುತ್ತಿದ್ದಳು.

"ಇದು ಯಾರ ಈ-ಮೇಲ್?" ಎಂದು ಅಂಬಾದಾಸ ಹೆಸರಿನ ಕೆಳಗಿನ ವಿಳಾಸದ ಮೇಲೆ ಬೆರಳಿಟ್ಟ.

"ಎಲ್ಲಾರ್ದೂ."

"ಎಲ್ಲಾರ್ದೂ ಅಂದ್ರ?"

"ಮನ್ಯಾಗ ಫೋನ್ ಇಲ್ಲಂದ್ರ ಬಾಜೂ ಕಿರಾಣಿ ಅಂಗಡಿ ನಂಬರ್ ಕೊಟ್ಟು ಪಿ.ಪಿ. ಅಂತ ಬರೀತಿದ್ದಿಲ್ರೇನು? ಇದು ಪಿ.ಪಿ. ಮೇಲ್ ಅದ. ಒಬ್ಬೊಬ್ಬರಿಗೆ ಒಂದೊಂದು ಮಾಡಿ ಕೊಟ್ರ ಮರದಿನಾ ಪಾಸ್‌ವರ್ಡ್ ಮರ್ತು ಬರ್ತಾರ. ಅದಕ್ಕ ಒಂದೇ ಮಾಡೇನಿ. ಹಳ್ಳಿಖೇಡದಿಂದ ಮಂಠಾಳ ತನಕ ನೂರಾ ನಲವತ್ಮೂರು ಮಂದಿ ಇದರಾಗೇ ಅದಾರ."

"ಪಾಸ್‌ವರ್ಡ್ ಯಾರಿಗೆ ಗೊತ್ತದ?"

ಅಸದ್ ಗೋಡೆ ತೋರಿಸಿದ. ಫ್ಯಾನಿನ ರೆಗ್ಯುಲೇಟರಿನ ಮೇಲೆ, ಸುಣ್ಣದಷ್ಟೇ ಹಳೆಯದಾದ ಮಾರ್ಕರ್ ಅಕ್ಷರದಲ್ಲಿ, ಪಾಸ್‌ವರ್ಡ್ ಬರೆದಿತ್ತು. ಕೆಳಗೆ ಎರಡು ಗೆರೆ.

ಅಂಬಾದಾಸ ಡೈರಿಯಲ್ಲಿ ಬರೆದಿಟ್ಟಿದ್ದ ಮೂರು ಅನುಮಾನಿತರ ಪಟ್ಟಿಗೆ ಈಗ ನೂರಾ ನಲವತ್ಮೂರು ಜನ ಸೇರಿಕೊಂಡರು. ಡೈರಿ ಚಿಕ್ಕದು. ಅವನು ಅದನ್ನು ಮುಚ್ಚಿದ. ಮುಚ್ಚಿ, ಗಂಟಲು ಸರಿಮಾಡಿಕೊಂಡು, ಹುಮನಾಬಾದಿನ ಯಾವುದೋ ಕಾಲದ ಪೊಲೀಸ್ ಫೌಜದಾರನ ದನಿ ತೆಗೆದ; ಕೇಳಿದ ದನಿಯನ್ನೆಲ್ಲ ಅನುಕರಿಸುವುದು ಅವನ ಕಸುಬಿನ ಭಾಗ.

"ಏನಲೇ ಅಸದ್, ಮಂಗಳವಾರ ಕಂಪನಿ ಪತ್ರ ಬಂತು. ಬುಧವಾರ ನೀನೇ ಉತ್ತರ ಕೊಟ್ಟಿ. ಶುಕ್ರವಾರದ ಬದಲಿ ಗುರುವಾರ ಬರ್ತೀನಿ ಅಂತ ಬರದಿ. ಯಾರ ಕಡಿಂದ ಏನ್ ತಗೊಂಡಿ?"

ಅಸದ್ ಅರ್ಧ ಎದ್ದುನಿಂತ. ಆಮೇಲೆ ದನಿ ಬಂದದ್ದು ಎಲ್ಲಿಂದ ಎಂದು ತಿಳಿದು ಮತ್ತೆ ಕುಳಿತ.

"ಫೌಜದಾರ್ ಸಾಹೇಬ್ರ, ಆ ಉತ್ತರ ಹೋದ ಟೈಮ್ ನೋಡ್ರಿ. ಬುಧವಾರ ಹನ್ನೊಂದೂ ಇಪ್ಪತ್ತು. ಬುಧವಾರ ಹತ್ತರಿಂದ ಒಂದರ ತನಕ ಹುಮನಾಬಾದ್‌ನಾಗ ಲೈಟ್ ಇತ್ತೇನು? ನಾ ಹೊರಗ ಕಟ್ಟಿ ಮ್ಯಾಲ ಕೂತು ಬಸ್ ಎಣಸಾಕತ್ತಿದ್ದೆ. ಇದು ಇಲ್ಲಿಂದ ಹೋಗಿಲ್ಲ."

"ಕಲ್ಯಾಣದಾಗ ಲೈಟ್ ಇತ್ತು," ಎಂದಳು ಮೆಹರೀನ್ ಮೆಲ್ಲಗೆ. "ನಮ್ಮಲ್ಲಿ ಮಧ್ಯಾಹ್ನ ಹೋಗ್ತದ."

ಹಾಗಾದರೆ ಕಳ್ಳಿ ಕಲ್ಯಾಣದವಳು. ಇಲ್ಲಿ ಒಮ್ಮೆ ಬಂದು ಗೋಡೆ ಓದಿಕೊಂಡು ಹೋದವಳು. ಅಂಬಾದಾಸ ಅಷ್ಟರಮಟ್ಟಿಗೆ ಸಮಾಧಾನಪಟ್ಟುಕೊಳ್ಳುವುದರೊಳಗೆ ಮೆಹರೀನ್ ಎರಡನೆಯ ಹಾಳೆ ತಿರುವಿದಳು. ತಿರುವಿದ ಕೈ ಅಲ್ಲೇ ನಿಂತಿತು.

"ಭಾಯ್ಸಾಬ್, ಇದೇನು?"

ಹಾಳೆಯ ತುದಿಯಲ್ಲಿ 'ನನ್ನನ್ನು ಬಲ್ಲವರು' ಎಂಬರ್ಥದ ಇಂಗ್ಲಿಷ್ ತಲೆಬರಹ. ಅದರಡಿ ಒಂದೇ ಹೆಸರು. ಶ್ರೀ ಅಂಬಾದಾಸ, ಎಂ.ಎ., ಬಸವಕಲ್ಯಾಣ. ಪಕ್ಕದಲ್ಲಿ ಅವನದೇ ಮೊಬೈಲ್ ನಂಬರು, ಹತ್ತಕ್ಕೆ ಹತ್ತೂ ಅಂಕಿ ಸರಿ.

"ನಾ ಮಾಡಿಕೊಟ್ಟ ಕಾಗದದಾಗ ಇದನ್ನ ಬರದಿಲ್ಲ," ಎಂದ ಅಸದ್, ಕುರ್ಚಿ ಹಿಂದಕ್ಕೆ ಸರಿಸಿ. ಈಗ ಅವನ ಮುಖದ ಮೇಲೂ ಒಬ್ಬ ಸಣ್ಣ ಫೌಜದಾರ ಕಾಣಿಸಿಕೊಂಡಿದ್ದ.

"ಮ್ಯಾನೇಜರ್ ನನಗ ಹೇಳಿದ್ರು," ಮೆಹರೀನಳ ದನಿ ಏರಲಿಲ್ಲ, ಇಳಿಯಿತು. "ಮೊದಲ ಬಂದಾಕಿ ಬಗ್ಗೆ ಒಬ್ಬ ಮರ್ಯಾದಸ್ತರು ಫೋನಿನ್ಯಾಗ ಸಾಕ್ಷಿ ಹೇಳ್ಯಾರ, ಅದಕ್ಕ ನಿನ್ನ ನಂಬೂದಿಲ್ಲ ಅಂದ್ರು. ಆ ಮರ್ಯಾದಸ್ತರು ನೀವೇನು?"

"ನಾ ಯಾವ ಕಂಪನಿಗೂ..." ಎಂದು ಶುರುಮಾಡಿದ ಅಂಬಾದಾಸ ನಡುವೆಯೇ ನಿಂತ.

ಗುರುವಾರ ಸಂಜೆ. ಕಲ್ಯಾಣದ ಕೋಟೆ ಬಾಗಿಲ ಹತ್ತಿರ ಮಿರ್ಚಿ ಭಜಿ ಕೈಯಲ್ಲಿತ್ತು. ಯಾವಳೋ ಹೆಣ್ಣುಮಗಳು ಫೋನ್ ಮಾಡಿ ಕೇಳಿದ್ದಳು: ಮಕ್ಬೂಲ್ ಅವರ ಮಗಳು ಮೆಹರೀನ್ ನಿಮಗೆ ಗೊತ್ತೇ, ಹುಡುಗಿ ಹೇಗೆ, ನಂಬಬಹುದೇ? ಇಂಥ ಫೋನು ಅವನಿಗೆ ದಿನಕ್ಕೆ ನಾಲ್ಕು ಬರುತ್ತವೆ. ಯಾರ ಮದುವೆ ಮುರಿದ ಪಾಪವೂ ತನಗೆ ಬೇಡವೆಂದು ಎಲ್ಲರಿಗೂ ಅವನದು ಒಂದೇ ಉತ್ತರ.

"ಹೇಳ್ರಿ ಭಾಯ್ಸಾಬ್."

"ನಾ ಅದನ್ನ... ವರನ ಕಡಿಯವ್ರು ಅಂತ ತಿಳಕೊಂಡೆ."

"ಏನಂದ್ರಿ ಅವರಿಗೆ?"

"ಹುಡುಗಿ ಬಂಗಾರ, ಕಣ್ಣು ಮುಚ್ಚಿ ಒಪ್ಕೋರಿ ಅಂದೆ."

"ಕಣ್ಣು ಮುಚ್ಚೇ ಒಪ್ಕೊಂಡಾರ," ಎಂದಳು ಮೆಹರೀನ್. "ತೆರದಿದ್ರ ಮುಂದ ಕೂತಾಕಿ ನಾ ಅಲ್ಲ ಅಂತ ಗೊತ್ತಾಗ್ತಿತ್ತು. ನನಗ ಯಾವ ವರಾ ನೋಡ್ಯಾರ ಭಾಯ್ಸಾಬ್? ನಮ್ಮ ಮನ್ಯಾಗ ಆ ಮಾತೇ ಇಲ್ಲ. ಕೆಲಸಾ ಸಿಗೂ ತನಕ ಆ ಮಾತು ತೆಗೀಬ್ಯಾಡ ಅಂತ ಅಬ್ಬಾಜಾನ್‌ಗೆ ನಾನೇ ಹೇಳೇನಿ."

ಕೇಸು ಹಿಡಿದವನೇ ಕೇಸಿನೊಳಗೆ ಹಾಜರಿ ಹಾಕಿಬಿಟ್ಟಿದ್ದ. ಅವನ ತಲೆ ತಿರುಗುತ್ತಿದ್ದುದು ಒಂದೇ ಪ್ರಶ್ನೆಯ ಸುತ್ತ. ಆ ಕಳ್ಳಿಗೆ ತನ್ನ ನಂಬರು ಸಿಕ್ಕಬಹುದು, ಅದು ತಾಲೂಕಿನ ಎಲ್ಲ ಗೋಡೆಯ ಮೇಲಿದೆ. ಆದರೆ ಕೇಳಿದವರಿಗೆಲ್ಲ ತಾನು 'ಬಂಗಾರ' ಅನ್ನುತ್ತೇನೆಂಬುದು ಆಕೆಗೆ ಹೇಗೆ ಗೊತ್ತು?

ಮೆಹರೀನ್ ಅವನ ಕಡೆ ನೋಡುವುದನ್ನು ಬಿಟ್ಟು ಪರದೆಯ ಕಡೆ ತಿರುಗಿದ್ದಳು. ಸಿಟ್ಟಿಗೆ ಏನಾದರೊಂದು ಉಜ್ಜಬೇಕಿತ್ತು. ಆಕೆ ಮೌಸನ್ನು ಕಾಗದದ ಮೇಲಿನಿಂದ ಕೆಳಗಿನವರೆಗೆ ಎಳೆದಳು. ಅಕ್ಷರಗಳೆಲ್ಲ ನೀಲಿ ಪಟ್ಟೆಯೊಳಗೆ ಬಂದವು. ಹಾಳೆಯ ಕೊನೆಯಲ್ಲಿ, ಏನೂ ಇಲ್ಲದ ಖಾಲಿ ಜಾಗದಲ್ಲಿಯೂ ನೀಲಿ ಪಟ್ಟೆ ಎದ್ದಿತು. ಅದರೊಳಗೆ ಅಕ್ಷರಗಳಿದ್ದವು.

"ಇವು ಎಲ್ಲಿದ್ವು?" ಎಂದ ಅಂಬಾದಾಸ.

ಅಸದ್ ಕಿವಿಯ ಹಿಂದೆ ಕೆರೆದುಕೊಂಡ. "ಬಿಳಿ ಅಕ್ಷರಾ ಅವ್ರಿ. ಬಿಳಿ ಕಾಗದದ ಮ್ಯಾಲ ಬಿಳಿ. ಕಣ್ಣಿಗೆ ಕಾಣೂದಿಲ್ಲ, ಮಶೀನಿಗೆ ಕಾಣ್ತಾವ. ಕಂಪನಿಯವ್ರು ಯಾವ ಶಬ್ದಾ ಹುಡಕ್ತಾರೋ ಆ ಶಬ್ದಾ ಇಲ್ಲಿ ತುಂಬಿದ್ರ ನಮ್ಮ ಕಾಗದಾ ಮ್ಯಾಲ ಬರ್ತದ. ಎಲ್ಲಾರಿಗೂ ಹಾಕ್ತೀನಿ. ಪ್ರಿಂಟಿನ ಮಾತು ಬ್ಯಾರೆ, ಇದಕ್ಕ ರೊಕ್ಕಾ ತಗೊಳ್ಳೂದಿಲ್ಲ."

"ಓದು."

ಅಸದ್ ಓದಿದ. ಟೈಟ್ರೇಶನ್, ಕ್ವಾಲಿಟಿ, ಲ್ಯಾಬ್, ಫಸ್ಟ್ ಕ್ಲಾಸ್. ಅಲ್ಲಿಯವರೆಗೆ ಅವನ ದನಿ ಸರಾಗವಾಗಿತ್ತು. ಮುಂದೆ ಎಡವಿತು. "ಬಿ.ಎಸ್ಸಿ., ಎರಡು ಸಾವಿರದ ಎರಡು. ಮ್ಯಾರೀಡ್."

"ನಾ ಪಾಸಾಗಿದ್ದು ಈ ವರ್ಷ," ಎಂದಳು ಮೆಹರೀನ್. "ಎರಡು ಸಾವಿರದ ಎಂಟು."

ಅಸದ್ ಆ ಸಾಲನ್ನು ಮತ್ತೊಮ್ಮೆ ಓದಿಕೊಂಡ.

"ಇದು ನಿಮ್ಮ ಫೈಲೇ ಅಲ್ಲ. ಬ್ಯಾರೆ ಯಾರದೋ. ಆಕಿ ತನ್ನ ಫೈಲು ತೆಗದು, ಮ್ಯಾಲ ನಿಮ್ಮ ಹೆಸರು, ನಿಮ್ಮ ಮಾರ್ಕ್ಸು ಕೂಡಿಸ್ಯಾಳ. ಕೆಳಗಿನ ಬಿಳಿ ಅಕ್ಷರಾ ಆಕಿಗೂ ಕಂಡಿಲ್ಲ. ಅಂಗಿ ಬದಲಿ ಮಾಡ್ಯಾಳ, ಬನೀನು ಹಂಗೇ ಉಳದದ."

"ಆಕಿ ಯಾರು?"

"ಏಪ್ರಿಲ್‌ನಾಗ ಒಬ್ಬರು ಬಂದಿದ್ರು. ಪಾಸಾಗಿ ಆರು ವರ್ಷ ಮನ್ಯಾಗ ಅದೀನಿ, ಆ ಗ್ಯಾಪ್ ಎಲ್ಲಿ ಮುಚ್ಚಿಡ್ಲಿ ಅಂತ ಕೇಳಿದ್ರು. ಮುಚ್ಚಾಕ ಬರೂದಿಲ್ರಿ, ಮಶೀನು ಗ್ಯಾಪ್ ನೋಡಿ ಬಾಜೂಕ ಇಡ್ತದ ಅಂದೆ. ಭಾಳೊತ್ತು ಆ ಗೋಡಿ ನೋಡ್ಕೋತ ಕೂತು ಹೋದ್ರು."

"ಮುಖಾ?"

"ನಾ ಪರದೆ ನೋಡ್ತೀನ್ರಿ, ಗಿರಾಕಿ ಮುಖಾ ನೋಡೂದಿಲ್ಲ."

ಕಾಗದದಲ್ಲಿ ಮುಖವಿಲ್ಲ, ಕಾಗದ ಮಾಡಿದವನಿಗೆ ಮುಖ ನೆನಪಿಲ್ಲ. ಅಂಬಾದಾಸ ಹಣೆ ಒತ್ತಿಕೊಳ್ಳುತ್ತಿದ್ದಾಗ ಮೆಹರೀನ್ ಇನ್ನೊಂದು ಸಾಲು ತೋರಿಸಿದಳು. ಈ-ಮೇಲ್ ಕೆಳಗೆ ಸ್ನೇಹಿತರನ್ನು ಜೋಡಿಸುವ ಆ ಹೊಸ ತಾಣದ ವಿಳಾಸವೊಂದಿತ್ತು. ಕಾಲೇಜು ಹುಡುಗರು ಒಬ್ಬರಿಗೊಬ್ಬರು ಗುಲಾಬಿ ಕಳಿಸುವ ಜಾಗ.

"ನನಗ ಅಲ್ಲಿ ಖಾತೇನೇ ಇಲ್ಲ," ಎಂದಳು.

"ಈಗ ಕಂಪನಿಯವ್ರು ಅಲ್ಲೂ ಹೋಗಿ ನೋಡ್ತಾರ್ರಿ," ಎಂದು ಅಸದ್ ಒತ್ತಿದ. "ಮನಿಶ್ಯಾ ಖರೇ ಅದಾನೋ ಇಲ್ಲೋ ಅಂತ."

ಪುಟ ತೆರೆಯಿತು. ಮೆಹರೀನ್, ಬಸವಕಲ್ಯಾಣ, ರಸಾಯನಶಾಸ್ತ್ರದಲ್ಲಿ ಆಸಕ್ತಿ. ಸ್ನೇಹಿತರು ಯಾರೂ ಇಲ್ಲ. ಎಡಕ್ಕೆ ಚಿತ್ರವೊಂದು ಮೇಲಿನಿಂದ ಪಟ್ಟಿಪಟ್ಟಿಯಾಗಿ ಇಳಿಯತೊಡಗಿತು. ಹುಮನಾಬಾದಿನ ನೆಟ್ಟಿಗೆ ಅವಸರವೆಂಬುದು ಗೊತ್ತಿಲ್ಲ. ಮೊದಲು ಒಂದು ಗೋಡೆ. ಆಮೇಲೆ ಗಾಜಿನ ಕೊಳವೆಯ ಬಾಯಿ. ಮುಖ ಬರುತ್ತದೆಂದು ಮೂವರೂ ಬಾಗಿದರು. ಬಂದದ್ದು ಬೆರಳು. ಕೊಳವೆ ಹಿಡಿದ ಹೆಂಗಸಿನ ಕೈ, ಹೆಬ್ಬೆರಳಿನ ಬುಡದಲ್ಲಿ ಅರ್ಧಚಂದ್ರದ ಆಕಾರದ ಒಂದು ಹಳೆಯ ಸುಟ್ಟ ಕಲೆ. ಚಿತ್ರ ಅಲ್ಲಿಗೆ ಮುಗಿಯಿತು.

"ಆ್ಯಸಿಡ್ ಕಲೆ," ಎಂದಳು ಮೆಹರೀನ್. "ಲ್ಯಾಬಿನ್ಯಾಗ ಆಗ್ತಾವ."

ಅಂಬಾದಾಸ ಡೈರಿಯಲ್ಲಿ ಬರೆದುಕೊಂಡ: ಹೆಬ್ಬೆರಳು, ಅರ್ಧಚಂದ್ರ. ಬರೆಯುವಾಗ ಈ ಕಲೆಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಹತ್ತಿರದಲ್ಲೇ, ಇತ್ತೀಚೆಗೇ. ನೆನಪು ತುಟಿಯವರೆಗೆ ಬಂದು ಹಿಂದಕ್ಕೆ ಹೋಯಿತು. ಅವನು ಕಿವಿಯ ಮನುಷ್ಯ. ಒಮ್ಮೆ ಕೇಳಿದ ದನಿಯನ್ನು ಹತ್ತು ವರ್ಷ ಬಿಟ್ಟು ಒಪ್ಪಿಸಬಲ್ಲ. ನೋಡಿದ್ದು ಮಾತ್ರ ನಿಲ್ಲುವುದಿಲ್ಲ.

ಕಿವಿ ಎಂದೊಡನೆ ದಾರಿ ಹೊಳೆಯಿತು. ಕಾಗದದ ಮೇಲೆ ಕಳ್ಳಿ ಕೊಟ್ಟ ಹೊಸ ಮೊಬೈಲ್ ನಂಬರಿತ್ತು. ಮೆಹರೀನ್ ನಿನ್ನೆ ಮಧ್ಯಾಹ್ನ ಅಳುತ್ತ ಬಂದ ಮೇಲೆ ಅಂಬಾದಾಸ ಬೇರಿಂಗ್ ಮಾರುವವನ ವೇಷದಲ್ಲಿ ವಜ್ರಕಾಂತಿಗೆ ಹೋಗಿ, ಮ್ಯಾನೇಜರ್ ಸಂಜೀವಕುಮಾರನ ಎದುರು ಅರ್ಧ ಗಂಟೆ ಕುಳಿತು, ಬೇರಿಂಗ್ ಮಾರದೆ ಅವನ ದನಿಯನ್ನು ಕದ್ದುಕೊಂಡು ಬಂದಿದ್ದ. ಮೈಸೂರು ಕಡೆಯ ಮಾತು, ಮೊದಲೊಂದು ಒಣ ಕೆಮ್ಮು, ಕೊನೆಗೊಂದು 'ನೋಟ್ ಮಾಡ್ಕೊಳ್ಳಿ'. ಇವತ್ತು ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ಹೆಂಡತಿ ಅನುರಾಧಾಳ ಮುಂದೆ ಅದನ್ನು ಒಪ್ಪಿಸಿಯೂ ನೋಡಿದ್ದ. ಆಕೆ ಕಪ್ಪು-ಬಸಿ ಹಿಡಿದುಕೊಂಡೇ ನಕ್ಕಿದ್ದಳು. ಆಕೆ ನಗುವುದು ಅಪರೂಪ. ಕಾಲೇಜಿನಲ್ಲಿ ಏನೋ ಸೈನ್ಸ್ ಓದಿದವಳು, ಸ್ವಲ್ಪ ಗಂಭೀರ.

"ನಿನ್ನ ಅಂಗಡಿ ಫೋನ್ ಕೊಡು," ಎಂದ ಅಸದ್‌ಗೆ. "ದನಿ ಒಂದ್ಸಲ ಕೇಳಿದ್ರ ಸಾಕು. ಕಲ್ಯಾಣದಾಗ ಯಾವ ಓಣಿ, ಯಾವ ಮನಿ, ಎಲ್ಲಾ ಹೇಳ್ತೀನಿ."

ಅಸದ್ ನಂಬರು ಒತ್ತಿ ಕೊಟ್ಟ. ನಾಲ್ಕು ಸಲ ರಿಂಗಾಯಿತು. ಆ ಕಡೆಯಿಂದ ಯಾರೋ ಎತ್ತಿದರು. ಮಾತಾಡಲಿಲ್ಲ.

ಅಂಬಾದಾಸ ಕೆಮ್ಮಿದ. "ಹಲೋ, ಮೆಹರೀನ್ ಅವ್ರಾ? ವಜ್ರಕಾಂತಿಯಿಂದ ಸಂಜೀವಕುಮಾರ್ ಮಾತಾಡ್ತಿರೋದು. ಸೋಮವಾರ ಬರೋವಾಗ ಒಂದು ಫೋಟೋ ಬೇಕಿತ್ತಲ್ವಾ. ನೋಟ್ ಮಾಡ್ಕೊಳ್ಳಿ."

ಅಸದ್ ಫ್ಯಾನ್ ಆರಿಸಿದ.

ಆ ಕಡೆ ಮೊದಲು ಕೇಳಿದ್ದು ತಡೆಹಿಡಿದ ನಗೆ. ಆಮೇಲೆ ಮಾತು.

"ಕೆಮ್ಮು ಇನ್ನಾ ಒಂಚೂರು ಒಣಾ ಇರಬೇಕಿತ್ರಿ. ಬೆಳಿಗ್ಗಿ ಚಹಾ ಮುಂದ ಇದಕ್ಕಿಂತ ಛಲೋ ತೆಗದಿದ್ರಿ."

ಅಂಬಾದಾಸನಿಗೆ ಓಣಿ ಗೊತ್ತಾಯಿತು, ಮನೆ ಗೊತ್ತಾಯಿತು. ಬೆಳಿಗ್ಗೆ ತನ್ನ ಕಡೆ ಬಸಿ ಚಾಚಿದ ಕೈ ಕಣ್ಣ ಮುಂದೆ ಬಂತು. ಆರು ವರ್ಷದಿಂದ ದಿನಕ್ಕೆರಡು ಸಲ ಚಾಚಿದ ಕೈ. ಹೆಬ್ಬೆರಳಿನ ಬುಡದಲ್ಲಿ ಅರ್ಧಚಂದ್ರ.

"ಬಾಜೂದಾಗ ಆ ಹುಡುಗಿ ಅದಾಳೇನು?" ಎಂದಳು ಅನುರಾಧಾ.

"ಹೂಂ."

"ಹಂಗಾರ ನೀವು ಮಾತಾಡಬ್ಯಾಡ್ರಿ, ಕೇಳ್ರಿ. ಆರು ವರ್ಷ ಏನು ಮಾಡಿದ್ರಿ ಅಂತ ಇಪ್ಪತ್ತೊಂದು ಕಂಪನಿ ನನ್ನ ಕೇಳ್ಯಾವ. ನೀವು ಒಂದ್ಸಲಾನೂ ಕೇಳಿಲ್ಲ. ಆಕಿ ಹೆಸರಿನ್ಯಾಗ ಗ್ಯಾಪ್ ಇಲ್ಲ. ಉತ್ತರಾ ಹೇಳಿದಾಕಿ ನಾನೇ, ಟೈಟ್ರೇಶನ್ ಮಾಡಿ ತೋರಿಸಿ ಪಾಸಾದಾಕಿ ನಾನೇ. ಹೆಸರೊಂದು ಆಕೀದು."

"ಅದು ಆಕೀದೇ," ಎಂದ ಅಂಬಾದಾಸ. ದನಿ ಯಾರದು ಎಂದು ಅವನಿಗೇ ತಿಳಿಯಲಿಲ್ಲ.

"ಗೊತ್ತದ. ಅದಕ್ಕ ಮೂರು ದಿನದಿಂದ ನಿದ್ದಿ ಇಲ್ಲ." ಎಂದಳು ಅನುರಾಧಾ. "ಕಂಪನಿಯವ್ರು ಈಗಷ್ಟ ಫೋನ್ ಮಾಡಿದ್ರು. ಇಬ್ಬರಾಗ ಖರೇ ಯಾರು ಅಂತ ನಿಮ್ಮನ್ನೇ ಕೇಳ್ತಾರಂತ. ನೀವು ಯಾವ ದನೀಲಿ ಉತ್ತರಾ ಕೊಡ್ತೀರಿ ನಾನೂ ನೋಡಬೇಕು."

ಫೋನು ಕಟ್ಟಾಯಿತು.

"ಯಾರು ಭಾಯ್ಸಾಬ್?" ಮೆಹರೀನ್ ಅವನ ಮುಖದ ಹತ್ತಿರಕ್ಕೇ ಬಾಗಿದ್ದಳು. "ದನಿ ಗುರ್ತು ಹತ್ತಿತೇನು?"

ಅವನು ಬಾಯಿ ತೆರೆದ. ಬಂದದ್ದು ಸಂಜೀವಕುಮಾರನ ಕೆಮ್ಮು. "ರಾಂಗ್ ನಂಬರ್," ಎಂದ, ಮೈಸೂರು ಕಡೆಯ ಮಾತಿನಲ್ಲಿ.

ಮೆಹರೀನ್ ನಗಲಿಲ್ಲ. ಅಸದ್ ಕಾಗದದ ಮೇಲಿನ ನಂಬರನ್ನೂ ಫೋನನ್ನೂ ಬದಲಿಸಿ ಬದಲಿಸಿ ನೋಡಿದ. ಒತ್ತಿದವನು ಅವನೇ, ನಂಬರು ತಪ್ಪಿರಲಿಲ್ಲ.

ಅಷ್ಟರಲ್ಲಿ ಅಂಬಾದಾಸನ ಅಂಗಿಯ ಜೇಬು ನಡುಗಿತು. ಮೊಬೈಲು. ಅವನು ಅದನ್ನು ತೆಗೆದು, ನೋಡಿ, ಮೇಜಿನ ಮೇಲೆ ಮಗುಚಿ ಇಡಲು ಹೋದ. ಮೆಹರೀನ್ ಮೊದಲೇ ಓದಿದ್ದಳು. ಆ ನಂಬರು ಆಕೆಗೆ ಬಾಯಿಪಾಠವಿತ್ತು.

"ಕಂಪನೀದೇ. ತಗೋರಿ," ಎಂದಳು. "ಈ ಸಲಾ ಕೇಳೂದು ಮದುವಿಗಲ್ಲ, ನೆನಪಿರ್ಲಿ."

ಅವನ ಕೈ ಏಳಲಿಲ್ಲ. ಆಕೆಯೇ ಹಸಿರು ಗುಂಡಿ ಒತ್ತಿ, ಮೊಬೈಲನ್ನು ಅವನ ಕಿವಿಗೆ ಹಿಡಿದಳು.

ಒಂದು ಕೆಮ್ಮು. ಈ ಸಲ ಅಸಲಿ, ಒಣ.

"ಅಂಬಾದಾಸ್ ಅವ್ರಾ? ನಮ್ಮ ಹತ್ರ ಎರಡು ಮೆಹರೀನ್ ಇದ್ದಾರೆ. ಗುರುವಾರ ಬಂದೋಳು, ಶುಕ್ರವಾರ ಬಂದೋಳು. ನಿಮಗೆ ಗೊತ್ತಿರೋ ಮೆಹರೀನ್ ಯಾವ ದಿನದೋಳು, ಹೇಳ್ತೀರಾ?"